ಯೂಟ್ಯೂಬ್ ನೋಡಿ ಚೆಸ್ ಕಲಿಯೋರಿಗೆ: ಏನು ನೋಡಬೇಕು, ಎಲ್ಲಿ ನಿಲ್ಲಿಸಬೇಕು

ಚೆಸ್ ವಿಡಿಯೋಗಳಿಗೆ ಈಗ ಬರ ಇಲ್ಲ. 2024ರ ಡಿಸೆಂಬರ್‌ನಲ್ಲಿ ಗುಕೇಶ್ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಮೇಲಂತೂ ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳಿಗೆ ಬೋರ್ಡ್ ತಂದುಕೊಟ್ಟವರು ಬೇಕಾದಷ್ಟು ಜನ. ಎಲ್ಲರಿಗೂ ಕೋಚಿಂಗ್ ಕ್ಲಾಸಿನ ಫೀ ಕಟ್ಟೋಕೆ ಆಗಲ್ಲ, ಹತ್ತಿರದಲ್ಲಿ ಕ್ಲಾಸೂ ಇರಲ್ಲ. ಗದಗ, ಹಾವೇರಿ ಕಡೆ ಹಳ್ಳಿಗಳಲ್ಲಂತೂ ಮೊಬೈಲೇ ಮೇಷ್ಟ್ರು. ಅದರಲ್ಲಿ ತಪ್ಪೇನಿಲ್ಲ. ವಿಡಿಯೋ ನೋಡಿಯೇ ಚೆನ್ನಾಗಿ ಆಡೋದು ಕಲಿತವರು ಇದ್ದಾರೆ.

ಆದರೆ ದಿನಾ ರಾತ್ರಿ ಒಂದು ತಾಸು ವಿಡಿಯೋ ನೋಡಿಯೂ ಆರು ತಿಂಗಳ ಹಿಂದೆ ಎಲ್ಲಿದ್ದರೋ ಅಲ್ಲೇ ಇರೋರು ಅವರಿಗಿಂತ ಜಾಸ್ತಿ. ಅವರನ್ನು ಕೇಳಿದರೆ ಸಿಸಿಲಿಯನ್ ಅನ್ನೋ ಓಪನಿಂಗ್ (ಆಟದ ಶುರುವಿನ ನಡೆಗಳ ಕ್ರಮ) ಬಗ್ಗೆ, ಮಾಜಿ ವಿಶ್ವ ಚಾಂಪಿಯನ್ ಕಾರ್ಲ್‌ಸನ್ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ, ಬೋರ್ಡ್ ಮುಂದೆ ಕೂತರೆ ಹತ್ತನೇ ನಡೆಗೆ ಕುದುರೆ ಪುಕ್ಕಟೆ ಕೊಡುತ್ತಾರೆ. ಯಾಕೆ ಅಂದರೆ ವಿಡಿಯೋದಲ್ಲಿ ಯೋಚನೆ ಮಾಡುವವನು ಬೇರೆಯವನು, ನೀವು ಬರೀ ಹೌದು ಹೌದು ಅಂತ ತಲೆ ಆಡಿಸುತ್ತೀರಿ. ನನ್ನ ಪ್ರಕಾರ ಯೂಟ್ಯೂಬ್‌ನಲ್ಲಿ ಚೆಸ್ ಕಲಿಯೋರಿಗೆ ಬೇಕಾದ ಮೊದಲ ವಿದ್ಯೆ ವಿಡಿಯೋ ನಿಲ್ಲಿಸೋದು. ಅದನ್ನು ಎಲ್ಲಿ, ಹೇಗೆ ಅಂತ ಹೇಳೋಕೇ ಈ ಲೇಖನ.

ಮೊದಲು ನಿಯಮ ಸರಿ ಮಾಡಿಕೊಳ್ಳಿ

ಕಾಯಿ ನಡೆಸೋಕೆ ಬರುತ್ತೆ ಅಂತ ಈ ಹಂತವನ್ನು ಹಾರಿಸಬೇಡಿ. ನಮ್ಮ ಕಡೆ ಅಜ್ಜಂದಿರ ಹತ್ತಿರ, ಊರ ಕಟ್ಟೆ ಮೇಲೆ ಆಟ ಕಲಿತವರ ತಲೆಯಲ್ಲಿ ಹಳೆಯ ದೇಸಿ ಚದುರಂಗದ ನಿಯಮಗಳು ಇನ್ನೂ ಕೂತಿರುತ್ತವೆ. ಕಾಲಾಳು ಮೊದಲ ಸಲವೂ ಒಂದೇ ಮನೆ ಹೋಗಬೇಕು ಅನ್ನೋದು, ಚೆಕ್ ಬೀಳದ ರಾಜ ಆಟದಲ್ಲಿ ಒಂದು ಸಲ ಕುದುರೆ ಹಾಗೆ ಜಿಗಿಯಬಹುದು ಅನ್ನೋದು, ಕೊನೆ ಮನೆ ಮುಟ್ಟಿದ ಕಾಲಾಳು ಆ ಸಾಲಿನ ಕಾಯಿಯೇ ಆಗಬೇಕು ಅನ್ನೋದು. ಚೆಂದದ ಆಟವೇ ಅದು, ಆದರೆ ವಿಡಿಯೋದಲ್ಲಿ ಕಲಿಸೋ ಆಟ ಅದಲ್ಲ. ಈಗಿನ ನಿಯಮದಲ್ಲಿ ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು, ರಾಜನಿಗೆ ಜಿಗಿತ ಇಲ್ಲ ಬದಲಿಗೆ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸೋದು) ಇದೆ, ಕೊನೆ ಮನೆ ಮುಟ್ಟಿದ ಕಾಲಾಳನ್ನು ಯಾವ ಸಾಲಿನಲ್ಲಿದ್ದರೂ ರಾಣಿ ಮಾಡಿಕೊಳ್ಳಬಹುದು.

ಮೂರು ವಿಷಯ ಖಾತ್ರಿ ಮಾಡಿಕೊಳ್ಳಿ: ಕ್ಯಾಸ್ಲಿಂಗ್ ಯಾವಾಗ ಮಾಡೋಕೆ ಬರಲ್ಲ, ಆಂಪಸಾನ್ (en passant) ಅಂದರೆ ಏನು, ಸ್ಟೇಲ್‌ಮೇಟ್ ಯಾಕೆ ಡ್ರಾ. ಲಿಚೆಸ್ ಅನ್ನೋ ಆ್ಯಪ್ ಮತ್ತು ವೆಬ್‌ಸೈಟ್‌ನಲ್ಲಿ ಹೊಸಬರಿಗೆ ಅಂತಲೇ ಒಂದು ಕಲಿಕೆ ವಿಭಾಗ ಇದೆ, ಆಟದ ಹಾಗೆ ಕಾಯಿ ನಡೆಸುತ್ತಾ ಹೋದರೆ ಇವೆಲ್ಲ ಒಂದೆರಡು ಸಂಜೆಯಲ್ಲಿ ಮುಗಿಯುತ್ತವೆ. ಅಲ್ಲೇ ಮನೆಗಳ ಹೆಸರು ರೂಢಿ ಮಾಡಿಸೋ ಆಟವೂ ಇದೆ, ಅದನ್ನೂ ಆಡಿ. ವಿಡಿಯೋದಲ್ಲಿ ಅವರು 'ಎಫ್7' ಅಂದ ಕೂಡಲೇ ನಿಮ್ಮ ಕಣ್ಣು ಆ ಮನೆಗೆ ಹೋಗಬೇಕು. ಹುಡುಕುತ್ತಾ ಕೂತರೆ ಅಷ್ಟರಲ್ಲಿ ಅವರು ಮೂರು ನಡೆ ಮುಂದೆ ಹೋಗಿರುತ್ತಾರೆ.

ಏನೇನು ಬೇಕು

ಜಾಸ್ತಿ ಏನಿಲ್ಲ. ಒಂದು ನಿಜವಾದ ಬೋರ್ಡ್, ಒಂದು ನೋಟ್‌ಬುಕ್, ಒಂದು ಉಚಿತ ಖಾತೆ.

ಬೋರ್ಡ್ ಯಾಕೆ, ಮೊಬೈಲಲ್ಲೇ ಇದೆಯಲ್ಲ ಅಂತ ಕೇಳಬಹುದು. ಮೊಬೈಲಲ್ಲಿ ಕಾಯಿ ಮುಟ್ಟಿದ ಕೂಡಲೇ ಅದು ಎಲ್ಲಿಗೆ ಹೋಗಬಹುದು ಅಂತ ಚುಕ್ಕಿ ತೋರಿಸುತ್ತೆ, ಚೆಕ್ ಬಿದ್ದರೆ ಕೆಂಪಗಾಗುತ್ತೆ. ನೋಡುವ ಕೆಲಸವನ್ನೆಲ್ಲ ಅದೇ ಮಾಡಿಬಿಟ್ಟರೆ ನಿಮ್ಮ ಕಣ್ಣು ಯಾವಾಗ ಕಲಿಯಬೇಕು? ಟೂರ್ನಮೆಂಟ್ ಅಳತೆಯ ಬೋರ್ಡ್‌ನಲ್ಲಿ ರಾಜ ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಎತ್ತರ ಇರುತ್ತಾನೆ, ಒಂದೊಂದು ಮನೆ ಐದರಿಂದ ಆರು ಸೆಂಟಿಮೀಟರ್. ಸುರುಳಿ ಸುತ್ತಿಡೋ ರೆಕ್ಸಿನ್ ಬೋರ್ಡ್ ಸಾಕು. ಮರದ ಕೆತ್ತನೆಯ ಶೋಕಿ ಬೋರ್ಡ್ ಸದ್ಯಕ್ಕೆ ಬೇಡ. ಅದು ಶೋಕೇಸಿಗೆ ಹೋಗುತ್ತೆ, ಟೇಬಲಿಗೆ ಬರಲ್ಲ.

ಖಾತೆಗೆ ನನ್ನ ಓಟು ಲಿಚೆಸ್‌ಗೆ. ಪೂರ್ತಿ ಉಚಿತ, ಜಾಹೀರಾತು ಇಲ್ಲ, ಪಜಲ್‌ಗೆ (ಒಂದು ಸ್ಥಿತಿ ಕೊಟ್ಟು ಸರಿಯಾದ ನಡೆ ಹುಡುಕಿಸೋದು) ಮಿತಿ ಇಲ್ಲ, ಆಟ ಮುಗಿದ ಮೇಲೆ ಕಂಪ್ಯೂಟರ್ ವಿಶ್ಲೇಷಣೆಯೂ ಪುಕ್ಕಟೆ. ಫ್ರಾನ್ಸಿನ ಥಿಬೋ ಡುಪ್ಲೆಸಿ 2010ರಲ್ಲಿ ಶುರು ಮಾಡಿದ್ದು, ಈಗಲೂ ದೇಣಿಗೆ ಮೇಲೆ ನಡೆಯುತ್ತದೆ. ಚೆಸ್ ಡಾಟ್ ಕಾಮ್ ಕೂಡ ಒಳ್ಳೆಯದೇ, ಆಡೋರೂ ಜಾಸ್ತಿ, ಆದರೆ ಉಚಿತ ಖಾತೆಯಲ್ಲಿ ಪಜಲ್‌ಗೂ ಆಟದ ವಿಮರ್ಶೆಗೂ ದಿನದ ಮಿತಿ ಇಟ್ಟಿದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲಿಚೆಸ್‌ನಲ್ಲಿ ಹೊಸ ಖಾತೆಗೆ 1500 ರೇಟಿಂಗ್ (ಆಟಗಾರನ ಮಟ್ಟ ತೋರಿಸೋ ಅಂಕ) ಕೊಟ್ಟು ಶುರು ಮಾಡುತ್ತಾರೆ. ಹೊಸಬರದು ಸರಸರ ಇಳಿದು ಸಾವಿರಕ್ಕೂ ಕೆಳಗೆ ಹೋಗಬಹುದು. ನೀವು ಕೆಟ್ಟು ಹೋದಿರಿ ಅಂತಲ್ಲ, ನಿಮ್ಮ ನಿಜವಾದ ಜಾಗ ಹುಡುಕುತ್ತಿದೆ ಅಷ್ಟೇ. ಇನ್ನು ಚೆಸ್ ಡಾಟ್ ಕಾಮ್‌ನ ನಂಬರನ್ನು ಇದಕ್ಕೆ ಹೋಲಿಸಬೇಡಿ. ಹೊಸಬರ ಮಟ್ಟದಲ್ಲಿ ಅದೇ ಆಟಗಾರನ ರೇಟಿಂಗ್ ಲಿಚೆಸ್‌ನಲ್ಲಿ ಸಾಮಾನ್ಯವಾಗಿ ಜಾಸ್ತಿಯೇ ಕಾಣುತ್ತೆ.

ಯಾರ ವಿಡಿಯೋ ನೋಡಬೇಕು

ಕನ್ನಡದಲ್ಲಿ ಶುರುವಿನಿಂದ ಕೊನೆವರೆಗೆ ಕ್ರಮವಾಗಿ ಕಲಿಸೋ ಸರಣಿ ಸಿಕ್ಕರೆ ಅದನ್ನೇ ಹಿಡಿಯಿರಿ, ಚಿಕ್ಕ ಮಕ್ಕಳಿಗಂತೂ ಮನೆ ಮಾತಿನಲ್ಲಿ ಹೇಳಿದ್ದೇ ತಲೆಗೆ ಹತ್ತೋದು. ಹುಬ್ಬಳ್ಳಿಯಲ್ಲಿ ಹಿಂದಿ ಬಹಳ ಜನರಿಗೆ ತಿಳಿಯುತ್ತದೆ, ಅಂಥವರಿಗೆ ಚೆಸ್‌ಬೇಸ್ ಇಂಡಿಯಾದವರ ಹಿಂದಿ ಚಾನೆಲ್ ಇದೆ. ಇಂಗ್ಲಿಷ್ ಸುಮಾರಾಗಿ ಬಂದರೂ ಸಾಕು, ಚೆಸ್ ವಿಡಿಯೋ ಇಂಗ್ಲಿಷ್ ಕಷ್ಟದ್ದಲ್ಲ. ಅವೇ ಐವತ್ತು-ಅರವತ್ತು ಪದ ಮತ್ತೆ ಮತ್ತೆ ಬರುತ್ತವೆ. ವೇಗ 0.75ಕ್ಕೆ ಇಳಿಸಿ, ಸಬ್‌ಟೈಟಲ್ ಹಾಕಿಕೊಳ್ಳಿ.

ಚಾನೆಲ್‌ಗಳನ್ನು ನಾನು ಎರಡು ರಾಶಿ ಮಾಡುತ್ತೇನೆ. ಮನರಂಜನೆ ಒಂದು, ಪಾಠ ಇನ್ನೊಂದು. ಗೋಥಮ್‌ಚೆಸ್ ನಡೆಸೋ ಲೆವಿ ರೋಜ್‌ಮನ್, ಹಳೆಯ-ಹೊಸ ಪ್ರಸಿದ್ಧ ಆಟಗಳನ್ನು ಕಥೆ ಹೇಳಿದ ಹಾಗೆ ಹೇಳೋ ಕ್ರೊಯೇಷಿಯಾದ ಅಗಾಡ್‌ಮೇಟರ್, ಇವರನ್ನು ನೋಡಿದರೆ ಆಟದ ಮೇಲೆ ಪ್ರೀತಿ ಹುಟ್ಟುತ್ತೆ. ಅದೂ ಬೇಕು. ಊಟ ಆದ ಮೇಲೆ ನೋಡಿ, ಖುಷಿಪಡಿ. ಆದರೆ ಅದನ್ನು ಅಭ್ಯಾಸದ ಲೆಕ್ಕಕ್ಕೆ ಹಿಡಿಯಬೇಡಿ.

ಪಾಠಕ್ಕೆ ಅಂತ ಬಂದರೆ ಜಾನ್ ಬಾರ್ತಲೊಮ್ಯೂ ಅವರ ಚೆಸ್ ಮೂಲಪಾಠಗಳ ಚಿಕ್ಕ ಸರಣಿ ಇದೆ. ಮೊದಲ ವಿಡಿಯೋ ಕಾವಲಿಲ್ಲದ ಕಾಯಿಗಳ ಬಗ್ಗೆಯೇ, ಅಂದರೆ ಹೊಸಬರು ನೂರಕ್ಕೆ ತೊಂಬತ್ತು ಆಟ ಎಲ್ಲಿ ಸೋಲುತ್ತಾರೋ ಅಲ್ಲಿಂದಲೇ ಶುರು. ಅಮೆರಿಕದ ಸೇಂಟ್ ಲೂಯಿಸ್ ಚೆಸ್ ಕ್ಲಬ್‌ನವರ ಚಾನೆಲ್‌ನಲ್ಲಿ ಮಟ್ಟಕ್ಕೆ ತಕ್ಕ ಹಾಗೆ ತರಗತಿಗಳ ರೆಕಾರ್ಡಿಂಗ್ ಸಿಗುತ್ತವೆ. ಇನ್ನು ಡ್ಯಾನಿಯಲ್ ನರೊಡಿಟ್ಸ್ಕಿ. ಗ್ರ್ಯಾಂಡ್‌ಮಾಸ್ಟರ್ ಆಗಿದ್ದವರು, 2025ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಅವರು ಹೊಸ ಖಾತೆ ತೆರೆದು ಕೆಳಗಿನ ರೇಟಿಂಗ್‌ನಿಂದ ಆಡುತ್ತಾ ಮೇಲೆ ಬರೋ ಸ್ಪೀಡ್‌ರನ್ ವಿಡಿಯೋಗಳಿವೆ, ಅವನ್ನು ತಪ್ಪಿಸಬೇಡಿ. ಎದುರಾಳಿ ನಿಮ್ಮಂಥವನೇ. ಅವನು ಮಾಡೋ ತಪ್ಪು ನೀವು ನಿನ್ನೆ ಮಾಡಿದ್ದೇ. ಅದನ್ನು ಹೇಗೆ ಶಿಕ್ಷಿಸಬೇಕು, ಎದುರಾಳಿ ಯಾಕೆ ಹಾಗೆ ಯೋಚಿಸಿದ ಅಂತ ಒಂದೊಂದು ನಡೆಗೂ ಬಿಡಿಸಿ ಹೇಳುತ್ತಾರೆ.

ಹೊಸಬರಿಗೆ ವಿಶ್ವ ಚಾಂಪಿಯನ್‌ಶಿಪ್ ಆಟಕ್ಕಿಂತ 800 ರೇಟಿಂಗ್‌ನವನ ಆಟ ಜಾಸ್ತಿ ಕಲಿಸುತ್ತೆ. ಕಾರ್ಲ್‌ಸನ್, ಗುಕೇಶ್ ಆಟದಲ್ಲಿ ಕಾಯಿ ಪುಕ್ಕಟೆ ಬೀಳೋದೇ ಇಲ್ಲ, ನಿಮ್ಮ ಆಟದಲ್ಲಿ ಬರೀ ಅದೇ.

ಒಬ್ಬರನ್ನು ಹಿಡಿಯಿರಿ, ಒಂದು ಪ್ಲೇಲಿಸ್ಟ್ ಹಿಡಿಯಿರಿ, ಮುಗಿಯೋವರೆಗೆ ಬೇರೆ ಕಡೆ ಹಾರಬೇಡಿ. ಪಕ್ಕದಲ್ಲಿ ಯೂಟ್ಯೂಬ್ ತೋರಿಸೋ 'ಈ ಟ್ರಿಕ್‌ನಿಂದ ಎಲ್ಲರನ್ನೂ ಸೋಲಿಸಿ' ಅನ್ನೋ ಥಂಬ್‌ನೇಲ್‌ಗಳು ಲೈನ್ ಬಜಾರಿನ ಪೇಢೆ ಅಂಗಡಿ ಇದ್ದ ಹಾಗೆ, ಹಾದು ಹೋಗೋವಾಗಲೇ ಕೈ ಹಿಡಿದು ಎಳೆಯುತ್ತವೆ.

ನೋಡೋದು ಹೇಗೆ

ಈಗ ಮುಖ್ಯ ವಿಷಯ. ಬೋರ್ಡ್ ಎದುರಿಗೆ ಇಟ್ಟುಕೊಂಡು ಕೂರಿ. ವಿಡಿಯೋದಲ್ಲಿ ಬಂದ ಸ್ಥಿತಿಯನ್ನು ಬೋರ್ಡ್ ಮೇಲೆ ಜೋಡಿಸಿ. ಅವರು ಪ್ರಶ್ನೆ ಕೇಳಿದರೆ ಸರಿ, ಕೇಳದಿದ್ದರೂ ಪರವಾಗಿಲ್ಲ, 'ಈಗ ಇಲ್ಲಿ ಏನಾಯಿತು ಅಂದರೆ' ಅಂತ ಬಾಯಿ ತೆಗೆದ ಕೂಡಲೇ ನಿಲ್ಲಿಸಿಬಿಡಿ. ಎರಡು ಮೂರು ನಿಮಿಷ ಯೋಚಿಸಿ. ನಿಮ್ಮ ನಡೆಯನ್ನು ಬಾಯಿಬಿಟ್ಟು ಹೇಳಿ ಅಥವಾ ಬರೆದಿಡಿ. ಮನಸ್ಸಲ್ಲೇ ಇಟ್ಟುಕೊಂಡರೆ ಉತ್ತರ ಬಂದ ಮೇಲೆ 'ಹಾಂ, ನಾನೂ ಇದನ್ನೇ ಅಂದುಕೊಂಡಿದ್ದೆ' ಅಂತ ಮನಸ್ಸು ಸುಳ್ಳು ಹೇಳುತ್ತೆ, ಬರೆದಿಟ್ಟರೆ ಆ ಸುಳ್ಳು ನಡೆಯಲ್ಲ. ಆಮೇಲೆ ಮುಂದೆ ಓಡಿಸಿ.

ಏನು ಯೋಚಿಸಬೇಕು? ಕ್ರಮ ಒಂದೇ. ಮೊದಲು ಚೆಕ್ ಕೊಡೋ ನಡೆಗಳು, ಆಮೇಲೆ ಕಾಯಿ ಹೊಡೆಯೋ ನಡೆಗಳು, ಆಮೇಲೆ ಬೆದರಿಕೆ ಹಾಕೋ ನಡೆಗಳು. ಎಷ್ಟೇ ಹುಚ್ಚು ನಡೆ ಅನಿಸಿದರೂ ಒಮ್ಮೆ ನೋಡಿಯೇ ಬಿಡಬೇಕು.

ಒಂದು ಉದಾಹರಣೆ ಈಗಲೇ ಬೋರ್ಡ್ ಮೇಲೆ ಜೋಡಿಸಿ ನೋಡಿ. 1858ರಲ್ಲಿ ಪ್ಯಾರಿಸ್ಸಿನ ಒಪೆರಾ ರಂಗಮಂದಿರದಲ್ಲಿ ಅಮೆರಿಕದ ಪಾಲ್ ಮಾರ್ಫಿ ಆಡಿದ್ದು, ಎದುರಿಗೆ ಒಬ್ಬ ಡ್ಯೂಕ್ ಮತ್ತು ಒಬ್ಬ ಕೌಂಟ್ ಸೇರಿಕೊಂಡು ಆಡುತ್ತಿದ್ದರು. ಯೂಟ್ಯೂಬ್‌ನಲ್ಲಿ ಈ ಆಟ ಹೇಳದ ಚೆಸ್ ಚಾನೆಲ್ ಸಿಗೋದು ಕಷ್ಟ. 16ನೇ ನಡೆಗೆ ಮುಂಚೆ ಬಿಳಿ ರಾಜ ಸಿ1, ರಾಣಿ ಬಿ3, ಆನೆ ಡಿ1, ಒಂಟೆ ಜಿ5. ಬಿಳಿ ಕಾಲಾಳುಗಳು ಎ2, ಬಿ2, ಸಿ2, ಇ4, ಎಫ್2, ಜಿ2, ಎಚ್2. ಕಪ್ಪು ರಾಜ ಇ8, ರಾಣಿ ಇ6, ಕುದುರೆ ಡಿ7, ಒಂಟೆ ಎಫ್8, ಆನೆ ಎಚ್8. ಕಪ್ಪು ಕಾಲಾಳುಗಳು ಎ7, ಇ5, ಎಫ್7, ಜಿ7, ಎಚ್7. ಬಿಳಿಯ ಸರದಿ.

ಓದೋದನ್ನು ಇಲ್ಲೇ ನಿಲ್ಲಿಸಿ ಬಿಳಿ ಕೊಡಬಹುದಾದ ಚೆಕ್‌ಗಳನ್ನು ಎಣಿಸಿ. ಎರಡೇ ಇವೆ. ಇ6ರಲ್ಲಿ ರಾಣಿಯಿಂದ ರಾಣಿ ಹೊಡೆಯೋದು ಒಂದು. ಅದರಿಂದ ದೊಡ್ಡ ಲಾಭ ಏನೂ ಕಾಣಲ್ಲ, ಕಾಲಾಳು ತಿರುಗಿ ಹೊಡೆಯುತ್ತೆ. ಇನ್ನೊಂದು ರಾಣಿಯನ್ನು ಬಿ8ಕ್ಕೆ ಇಡೋದು. ಅಲ್ಲಿ ಡಿ7ರ ಕುದುರೆ ರಾಣಿಯನ್ನು ಪುಕ್ಕಟೆ ಹೊಡೆಯುತ್ತೆ, ಹೀಗಾಗಿ ಎಲ್ಲರೂ ಅದನ್ನು ನೋಡುವುದಕ್ಕೆ ಮುಂಚೆಯೇ ಬಿಟ್ಟುಬಿಡುತ್ತಾರೆ. ಆದರೆ ಹೊಡೆಯದೆ ಬೇರೆ ದಾರಿ ಇಲ್ಲ, ಹೊಡೆದರೆ ಡಿ ಸಾಲು ಖಾಲಿ ಆಗುತ್ತೆ. ಆನೆ ಸೀದಾ ಡಿ8ಕ್ಕೆ ಹೋಗಿ ಕೂರುತ್ತೆ, ಜಿ5ರ ಒಂಟೆ ಅದಕ್ಕೆ ಕಾವಲು. ಮೇಟ್. ಬಿಳಿ ಹತ್ತಿರ ಉಳಿದಿದ್ದು ಒಂದು ಆನೆ, ಒಂದು ಒಂಟೆ. ಕಪ್ಪು ಹತ್ತಿರ ರಾಣಿ, ಆನೆ, ಒಂಟೆ, ಕುದುರೆ ಎಲ್ಲ ಇವೆ. ಆದರೆ ಎಫ್8ರ ಒಂಟೆ, ಎಚ್8ರ ಆನೆ ಇಡೀ ಆಟದಲ್ಲಿ ಒಂದು ಸಲವೂ ಜಾಗ ಬಿಟ್ಟು ಕದಲಿರಲಿಲ್ಲ.

ಇದನ್ನು ವಿಡಿಯೋದಲ್ಲಿ ಸುಮ್ನೆ ನೋಡಿದರೆ 'ವಾಹ್' ಅಂತ ಅಂದು ಮುಂದೆ ಹೋಗುತ್ತೀರಿ. ಎರಡು ಚೆಕ್ ಎಣಿಸಿ, ಎರಡನೆಯದನ್ನು ಯಾಕೆ ನೋಡಲಿಲ್ಲ ಅಂತ ಕೇಳಿಕೊಂಡರೆ ಮುಂದಿನ ವಾರ ನಿಮ್ಮದೇ ಆಟದಲ್ಲಿ ರಾಣಿ ಬಲಿ ಕೊಡೋ ಚೆಕ್ಕನ್ನೂ ಒಮ್ಮೆ ಪರೀಕ್ಷೆ ಮಾಡುತ್ತೀರಿ.

ಹದಿನೈದು ನಿಮಿಷದ ವಿಡಿಯೋ ಹೀಗೆ ನೋಡಿದರೆ ನಲವತ್ತು ನಿಮಿಷ ಹಿಡಿಯುತ್ತೆ. ಹಿಡಿಯಲಿ. ದಿನಕ್ಕೆ ಒಂದು ಸಾಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಲ್ಲಿ ದಿನಾ ಓಡಾಡೋರು ದಾರಿಯಲ್ಲಿ ಪಾಠದ ವಿಡಿಯೋ ನೋಡ್ತೀನಿ ಅಂತಾರೆ. ನವನಗರ ಬರೋ ಹೊತ್ತಿಗೆ ನಿದ್ದೆ ಬಂದಿರುತ್ತೆ, ಬೋರ್ಡೂ ಇರಲ್ಲ. ಬಸ್ಸಿಗೆ ಪಜಲ್ ಇಟ್ಟುಕೊಳ್ಳಿ, ಪಾಠ ಮನೆಗೆ ಇರಲಿ.

ಓಪನಿಂಗ್ ಹುಚ್ಚು ಹಿಡಿಸಿಕೊಳ್ಳಬೇಡಿ

ಯೂಟ್ಯೂಬ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಸಿಗೋದು ಓಪನಿಂಗ್ ವಿಡಿಯೋ. ಹೊಸಬರಿಗೆ ಎಲ್ಲಕ್ಕಿಂತ ಕಡಿಮೆ ಬೇಕಾದದ್ದೂ ಅದೇ. ಹನ್ನೆರಡು ನಡೆ ಬಾಯಿಪಾಠ ಮಾಡಿ ಕೂತರೆ ಎದುರಿನವನು ಮೂರನೇ ನಡೆಗೇ ಏನೋ ಒಂದು ಆಡುತ್ತಾನೆ, ಪಾಠ ಅಲ್ಲಿಗೆ ಮುಗೀತು.

ನಮ್ಮ ಓಣಿಯ ಹುಡುಗನೊಬ್ಬ ಶಾಲೆಯಲ್ಲಿ ನಾಲ್ಕು ನಡೆಯ ಮೇಟ್‌ಗೆ ಸೋತು ಬಂದು, ರಾತ್ರಿ ಅದನ್ನು ತಡೆಯೋ ವಿಡಿಯೋ ಹುಡುಕಿ ನೋಡಿ, ಮರುದಿನ ಮತ್ತೆ ಸೋತು ನನ್ನ ಹತ್ತಿರ ಬಂದ.

"ಕಾಕಾ, ವಿಡಿಯೋದಾಗ ಹೇಳಿದಂಗ ಜಿ6 ಆಡೇನ್ರಿ, ಆದ್ರೂ ಆನಿ ಹೋತ್ರಿ!"

"ಯಾವಾಗ ಆಡಿದಿಲೇ?"

"ರಾಣಿ ಬಂದ ಕೂಡ್ಲೇ ರೀ."

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವಿಡಿಯೋದ ಇಡೀ ಸಮಸ್ಯೆ ಇದರಲ್ಲಿದೆ. ವಿಡಿಯೋದಲ್ಲಿ ತೋರಿಸಿದ್ದು ಹೀಗೆ. ಬಿಳಿ ಇ4, ಕಪ್ಪು ಇ5. ಬಿಳಿ ಒಂಟೆ ಸಿ4ಕ್ಕೆ, ಕಪ್ಪು ಕುದುರೆ ಸಿ6ಕ್ಕೆ. ಬಿಳಿ ರಾಣಿ ಎಚ್5ಕ್ಕೆ ಬಂತು, ಎಫ್7ರಲ್ಲಿ ಮೇಟ್ ಬೆದರಿಕೆ. ಇಲ್ಲಿ ಕಪ್ಪು ಜಿ6 ಆಡಬೇಕು. ರಾಣಿ ಎಫ್3ಕ್ಕೆ ಹೋಗಿ ಮತ್ತೆ ಎಫ್7ರ ಮೇಲೆ ಕಣ್ಣು ಹಾಕಿದರೆ ಕುದುರೆಯನ್ನು ಎಫ್6ಕ್ಕೆ ತಂದು ದಾರಿ ಮುಚ್ಚಬೇಕು. ಅಷ್ಟೇ, ಕಪ್ಪಿಗೆ ಆರಾಮ.

ಆದರೆ ಶಾಲೆಯಲ್ಲಿ ಇವನ ಎದುರು ಕೂತ ಹುಡುಗ ಎರಡನೇ ನಡೆಗೇ ರಾಣಿಯನ್ನು ಎಚ್5ಕ್ಕೆ ತಂದಿದ್ದ. ಆಗ ಕಪ್ಪು ಕುದುರೆ ಇನ್ನೂ ಸಿ6ಕ್ಕೆ ಬಂದಿಲ್ಲ, ಅಂದರೆ ಇ5ರ ಕಾಲಾಳಿಗೆ ಕಾವಲಿಲ್ಲ. ನಮ್ಮವನು ವಿಡಿಯೋ ನೆನಪಿಸಿಕೊಂಡು ಜಿ6 ಆಡಿದ. ರಾಣಿ ಇ5ರ ಕಾಲಾಳನ್ನು ಹೊಡೆದು ರಾಜನಿಗೆ ಚೆಕ್, ಜೊತೆಗೆ ಜಿ7 ಖಾಲಿಯಾದ್ದರಿಂದ ಮೂಲೆಯ ಎಚ್8ರ ಆನೆಯ ಮೇಲೂ ಕಣ್ಣು. ಆನೆ ಹೋಯಿತು. ಅವನು ಮೊದಲು ಕುದುರೆ ಸಿ6ಕ್ಕೆ ತಂದು ಇ5 ಕಾಯಬೇಕಿತ್ತು, ಒಂಟೆ ಸಿ4ಕ್ಕೆ ಬಂದು ಮೇಟ್ ಬೆದರಿಕೆ ಹಾಕಿದ ಮೇಲೆ ಜಿ6.

ನಡೆ ಅದೇ. ಒಂದು ಹೆಜ್ಜೆ ಮುಂಚೆ ಆಡಿದರೆ ಆನೆ ಹೋಗುತ್ತೆ, ಸರಿಯಾದ ಹೊತ್ತಿಗೆ ಆಡಿದರೆ ಆಟ ಉಳಿಯುತ್ತೆ. ಹಾಗಾಗಿ ಓಪನಿಂಗ್ ವಿಡಿಯೋ ನೋಡಲೇಬೇಕು ಅಂದರೆ ಒಂದೊಂದು ನಡೆಗೂ ನಿಲ್ಲಿಸಿ ಕೇಳಿ: ಇದು ಏನನ್ನು ಕಾಯುತ್ತಿದೆ, ಏನನ್ನು ತಡೆಯುತ್ತಿದೆ? ಈ ನಡೆ ಈಗ ಆಡದೆ ಬೇರೆ ಏನೋ ಆಡಿದರೆ ಏನಾಗುತ್ತೆ? ಉತ್ತರ ಗೊತ್ತಿಲ್ಲದಿದ್ದರೆ ಲಿಚೆಸ್‌ನ ವಿಶ್ಲೇಷಣೆ ಬೋರ್ಡ್‌ನಲ್ಲಿ ಆ ತಪ್ಪು ನಡೆ ಆಡಿ ನೋಡಿ, ಕಂಪ್ಯೂಟರ್ ತೋರಿಸುತ್ತೆ.

ಬಿಳಿಗೆ ಇಟಾಲಿಯನ್ ಅನ್ನೋ ಓಪನಿಂಗ್ ಸಾಕು: ಇ4, ಕುದುರೆ ಎಫ್3, ಒಂಟೆ ಸಿ4, ಕ್ಯಾಸ್ಲಿಂಗ್. ಕಪ್ಪಿಗೆ ಇ4ಕ್ಕೆ ಇ5, ಡಿ4ಕ್ಕೆ ಡಿ5. ನಡು ಮನೆಗಳನ್ನು ಹಿಡಿಯಿರಿ, ಕುದುರೆ ಒಂಟೆ ಹೊರಗೆ ತನ್ನಿ, ಕ್ಯಾಸ್ಲಿಂಗ್ ಮಾಡಿ, ಒಂದೇ ಕಾಯಿಯನ್ನು ಎರಡೆರಡು ಸಲ ಓಡಾಡಿಸಬೇಡಿ. ಮುಂದಿನ ಆರು ತಿಂಗಳು ಇದರ ಮೇಲೆ ಓಪನಿಂಗ್‌ಗೆ ಸಮಯ ಕೊಡಬೇಡಿ ಅನ್ನೋದು ನನ್ನ ಹಟ.

ಆಡೋದು, ಆಡಿದ್ದನ್ನು ನೋಡೋದು

ಎಷ್ಟು ಹೊತ್ತು ವಿಡಿಯೋ ನೋಡುತ್ತೀರೋ ಅದರ ಎರಡರಷ್ಟು ಹೊತ್ತು ಆಡಿ. 15+10 ಆಡಿ, ಅಂದರೆ ಒಬ್ಬೊಬ್ಬರಿಗೆ ಹದಿನೈದು ನಿಮಿಷ, ಪ್ರತಿ ನಡೆಗೆ ಹತ್ತು ಸೆಕೆಂಡ್ ಸೇರುತ್ತಾ ಹೋಗುತ್ತೆ. ಸಮಯ ಸಿಗದಿದ್ದರೆ ಹತ್ತು ನಿಮಿಷದ ಆಟ. ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಹುಡುಗರು ಓದಿನ ನಡುವೆ ತಲೆ ಹಗುರ ಮಾಡಿಕೊಳ್ಳೋಕೆ ಒಂದು ನಿಮಿಷದ ಬುಲೆಟ್ ಆಡುತ್ತಾರೆ, ಮೋಜಿಗೆ ಸರಿ, ಆದರೆ ಹೊಸಬರು ಅದರಿಂದ ಕಲಿಯೋದು ಬೆರಳಿನ ವೇಗ ಮಾತ್ರ.

ಪ್ರತಿ ನಡೆಗೆ ಮುಂಚೆ ಎರಡು ಪ್ರಶ್ನೆ. ಅವನು ಈಗ ಆಡಿದ್ದು ಯಾಕೆ? ನಾನು ಈ ನಡೆ ಆಡಿದರೆ ಅವನಿಗೆ ಪುಕ್ಕಟೆ ಸಿಗೋದು ಏನಾದರೂ ಇದೆಯಾ? ಇಷ್ಟನ್ನೇ ತಪ್ಪದೆ ಕೇಳಿಕೊಂಡರೂ ರೇಟಿಂಗ್ ಏರುತ್ತೆ, ಬೇರೆ ಏನೂ ಕಲಿಯದಿದ್ದರೂ.

ಸೋತ ಆಟ ಮುಗಿದ ಕೂಡಲೇ 'ಮತ್ತೆ ಆಡು' ಒತ್ತಬೇಡಿ. ಹತ್ತು ನಿಮಿಷ ಅದನ್ನೇ ನೋಡಿ. ಮೊದಲು ಕಂಪ್ಯೂಟರ್ ಆರಿಸಿಟ್ಟು ನೋಡಬೇಕು, ಇದು ಮುಖ್ಯ. ಆಟ ಎಲ್ಲಿ ಕೈ ತಪ್ಪಿತು ಅಂತ ನೀವೇ ಹೇಳಬೇಕು. ನೋಟ್‌ಬುಕ್‌ನಲ್ಲಿ ಒಂದೇ ಸಾಲು: '14ನೇ ನಡೆ, ದೂರದ ಒಂಟೆ ನೋಡಲಿಲ್ಲ', 'ಗೆಲ್ಲೋ ಆಟ, ಅವಸರ ಮಾಡಿ ಸ್ಟೇಲ್‌ಮೇಟ್'. ಆಮೇಲೆ ಸ್ಟಾಕ್‌ಫಿಶ್, ಅಂದರೆ ಆಟ ವಿಶ್ಲೇಷಿಸೋ ಕಂಪ್ಯೂಟರ್ ಪ್ರೋಗ್ರಾಂ ಹಚ್ಚಿ ತಾಳೆ ನೋಡಿ. ಅದು ಪ್ರತಿ ನಡೆಗೂ 0.3 ಕಡಿಮೆ, 0.5 ಜಾಸ್ತಿ (ಒಂದು ಕಾಲಾಳು ಸುಮಾರು 1 ಅಂತ ಲೆಕ್ಕ) ಅಂತ ಕೊರೆಯುತ್ತೆ, ಅದಕ್ಕೆಲ್ಲ ತಲೆ ಕೊಡಬೇಡಿ. ಒಂದೇಟಿಗೆ ಮೂರೋ ಐದೋ ಬಿದ್ದಿದ್ದು ಎಲ್ಲಿ, ಅದನ್ನಷ್ಟೇ ನೋಡಿ.

ಹೀಗೆ ಇಪ್ಪತ್ತು ಆಟದ ಸಾಲು ಬರೆದಾದ ಮೇಲೆ ಒಮ್ಮೆ ಒಟ್ಟಿಗೆ ಓದಿ. ಮೂರೇ ನಮೂನೆ ತಪ್ಪು ಮತ್ತೆ ಮತ್ತೆ ಬಂದಿರುತ್ತೆ. ಮುಂದೆ ಯಾವ ವಿಡಿಯೋ ಹುಡುಕಬೇಕು ಅನ್ನೋದಕ್ಕೆ ಆ ಪುಟವೇ ಪಟ್ಟಿ. ಕುದುರೆ ಫೋರ್ಕ್‌ಗೆ (ಒಂದೇ ಕುದುರೆ ಎರಡು ಕಾಯಿ ಮೇಲೆ ಒಟ್ಟಿಗೆ ಕಣ್ಣು ಹಾಕೋದು) ದಿನಾ ಸಿಕ್ಕಿಬೀಳ್ತಿದ್ದರೆ ಫೋರ್ಕ್ ವಿಡಿಯೋ ನೋಡಿ. ಯೂಟ್ಯೂಬ್ ತೋರಿಸಿದ್ದು ನೋಡೋದು ಬೇರೆ, ನಿಮಗೆ ಬೇಕಾದ್ದು ಹುಡುಕಿ ನೋಡೋದು ಬೇರೆ.

ಪಜಲ್ ಬಗ್ಗೆ ಎರಡೇ ಮಾತು. ಲಿಚೆಸ್‌ನಲ್ಲಿ ವಿಷಯ ಆರಿಸಿಕೊಳ್ಳಬಹುದು, ಮೊದಲು ಒಂದು ನಡೆಯ ಮೇಟ್, ಕಾವಲಿಲ್ಲದ ಕಾಯಿ, ಫೋರ್ಕ್, ಪಿನ್ (ಕದಲಿದರೆ ಹಿಂದಿನ ದೊಡ್ಡ ಕಾಯಿ ಬಯಲಾಗೋದರಿಂದ ಕಾಯಿ ಸಿಕ್ಕಿಬೀಳೋದು) ಆರಿಸಿ. ಊಹೆ ಮಾಡಿ ಒತ್ತಬೇಡಿ, ಎದುರಾಳಿಯ ಉತ್ತರದ ಸಮೇತ ಪೂರ್ತಿ ಕಂಡ ಮೇಲೆ ಕೈ ಹಾಕಿ.

ಕೊನೆಯಾಟವನ್ನು ಕೊನೆಗೆ ಇಡಬೇಡಿ

ಎಂಡ್‌ಗೇಮ್ ವಿಡಿಯೋ ಯಾರೂ ನೋಡಲ್ಲ, ಬೇಸರ ಅಂತ. ಆದರೆ ಗುಕೇಶ್ ವಿಶ್ವ ಚಾಂಪಿಯನ್ ಆದ ಆಟವನ್ನೇ ನೋಡಿ. ಹದಿನಾಲ್ಕನೇ ಆಟ, ಅಂಕ ಸಮ, ಗುಕೇಶ್ ಬಳಿ ಒಂದು ಕಾಲಾಳು ಜಾಸ್ತಿ ಇದ್ದರೂ ಎಲ್ಲರೂ ಡ್ರಾ ಅಂತಲೇ ಕೂತಿದ್ದರು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದರು, ತಪ್ಪಾಗಿದ್ದು ಅಲ್ಲೇ. ಗುಕೇಶ್ ಆನೆ ಬದಲಾಯಿಸಿ, ಒಂಟೆಯನ್ನೂ ಬದಲಾಯಿಸಿಕೊಂಡರು. ಉಳಿದದ್ದು ರಾಜ ಮತ್ತು ಕಾಲಾಳುಗಳ ಸೀದಾ ಸಾದಾ ಎಂಡ್‌ಗೇಮ್, ಅದರಲ್ಲಿ ಒಂದು ಕಾಲಾಳು ಜಾಸ್ತಿ ಇದ್ದವರಿಗೆ ಗೆಲುವು. ಪಂದ್ಯ ಏಳೂವರೆ-ಆರೂವರೆ.

ಹೊಸಬರಿಗೆ ನಾಲ್ಕು ಸಾಕು. ರಾಜ-ರಾಣಿಯಿಂದ ಒಂಟಿ ರಾಜನಿಗೆ ಮೇಟ್, ಸ್ಟೇಲ್‌ಮೇಟ್ ಮಾಡದೆ. ರಾಜ-ಆನೆಯಿಂದ ಮೇಟ್. ಎರಡು ಆನೆಗಳಿಂದ ಮೇಟ್. ಆಮೇಲೆ ರಾಜ ಮತ್ತು ಒಂದು ಕಾಲಾಳು, ಅದರಲ್ಲಿ ಬರೋ ಆಪೊಸಿಷನ್: ರಾಜರಿಬ್ಬರೂ ನಡುವೆ ಒಂದು ಮನೆ ಬಿಟ್ಟು ಎದುರುಬದುರು ನಿಂತಾಗ ಯಾರ ಸರದಿಯೋ ಅವರೇ ದಾರಿ ಬಿಡಬೇಕು. ಪ್ರತಿಯೊಂದಕ್ಕೂ ಒಂದು ವಿಡಿಯೋ ನೋಡಿ, ಕೂಡಲೇ ಅದೇ ಸ್ಥಿತಿಯನ್ನು ಲಿಚೆಸ್‌ನಲ್ಲಿ ಜೋಡಿಸಿ ಕಂಪ್ಯೂಟರ್ ಎದುರು ಆಡಿ. ಸತತ ಐದು ಸಲ ಗೆದ್ದರೆ ಮುಂದಿನದಕ್ಕೆ ಹೋಗಿ. ರಾಜ-ಆನೆ ಮೇಟ್ ವಿಡಿಯೋದಲ್ಲಿ ಎಷ್ಟು ಸುಲಭ ಕಾಣುತ್ತೆ, ಕೈಯಲ್ಲಿ ಆಡೋಕೆ ಹೋದರೆ ಮೊದಲ ಸಲ ರಾಜ ಬೋರ್ಡ್ ತುಂಬ ಓಡಾಡಿಸುತ್ತಾನೆ!

ಮೊಬೈಲಿನಿಂದ ಬೋರ್ಡಿಗೆ

ಎರಡು ಮೂರು ತಿಂಗಳಾದ ಮೇಲೆ ಎದುರಿಗೆ ಮನುಷ್ಯರು ಕೂತು ಆಡೋ ಆಟ ಹುಡುಕಿ. ಓಣಿಯಲ್ಲಿ ಒಬ್ಬರಾದರೂ ಆಡೋರು ಇದ್ದೇ ಇರುತ್ತಾರೆ, ಭಾನುವಾರ ಮಧ್ಯಾಹ್ನ ಕರೆದರೆ ಬರುತ್ತಾರೆ, ಗಿರ್ಮಿಟ್ ಮಿರ್ಚಿ ತರಿಸಿದರೆ ಖಂಡಿತ ಬರುತ್ತಾರೆ. ಶಾಲೆ ಮಕ್ಕಳಿಗೆ ಶಾಲೆ ಮಟ್ಟದ ಪಂದ್ಯಗಳಿವೆ. ರೇಟಿಂಗ್ ಟೂರ್ನಮೆಂಟ್ ಆಡಬೇಕು ಅಂದರೆ ಅಖಿಲ ಭಾರತ ಚೆಸ್ ಫೆಡರೇಶನ್‌ನಲ್ಲಿ ಆಟಗಾರರಾಗಿ ಹೆಸರು ನೋಂದಾಯಿಸಬೇಕು. ದೂರ ಅನಿಸಿದರೆ ಇದನ್ನೂ ತಿಳಿದಿರಿ: ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ತೇಜ್‌ಕುಮಾರ್, ಆ ಪಟ್ಟ ಸಿಕ್ಕಿದ್ದು 2017ರಲ್ಲಿ. ಆಮೇಲೆ ನಮ್ಮ ರಾಜ್ಯದಿಂದ ಇನ್ನೂ ಕೆಲವರು ಆದರು. ನಮ್ಮ ಕಡೆಯಿಂದ ಯಾರಾದರೂ ಆಗಲಿ ಅನ್ನೋ ಆಸೆ ನನಗಂತೂ ಇದೆ.

ಆನ್‌ಲೈನ್‌ನಲ್ಲಿ ಮಾತ್ರ ಆಡಿದವರು ಟೂರ್ನಮೆಂಟಿನಲ್ಲಿ ಎಡವೋ ಜಾಗಗಳು ಬಹುತೇಕ ಒಂದೇ. ಮುಟ್ಟಿದ ಕಾಯಿಯನ್ನೇ ಆಡಬೇಕು. ಯೋಚಿಸೋವಾಗ ಕೈ ತೊಡೆ ಕೆಳಗೆ ಇಟ್ಟುಕೊಂಡು ಕೂರೋದು ರೂಢಿ ಮಾಡಿಕೊಳ್ಳಿ. ಕಾಯಿ ಸರಿಯಾಗಿ ನಿಲ್ಲಿಸಬೇಕಿದ್ದರೆ ನಿಮ್ಮ ಸರದಿಯಲ್ಲಿ ಮೊದಲು ಬಾಯಲ್ಲಿ ಹೇಳಿ ಆಮೇಲೆ ಮುಟ್ಟಿ. ಕಾಯಿ ಆಡಿದ ಕೈಯಿಂದಲೇ ಗಡಿಯಾರ ಒತ್ತಬೇಕು. ಚೆಕ್ ಬಿದ್ದಿದೆ ಅಂತ ಎದುರಿನವನು ಹೇಳಲೇಬೇಕು ಅಂತಿಲ್ಲ. ನೀವು ಗಮನಿಸದೆ ಬೇರೆ ಏನೋ ಆಡಿ ಗಡಿಯಾರ ಒತ್ತಿದರೆ ಅದು ನಿಯಮ ತಪ್ಪಿದ ನಡೆ, ಎದುರಾಳಿಗೆ ಹೆಚ್ಚುವರಿ ಸಮಯ ಸಿಗುತ್ತೆ, ಎರಡನೇ ಸಲ ಹಾಗೆ ಮಾಡಿದರೆ ಆಟವೇ ಹೋಯಿತು. ದೊಡ್ಡ ಆಟಗಳಲ್ಲಿ ನಡೆಗಳನ್ನು ಬರೆಯಬೇಕು, ನೋಟ್‌ಬುಕ್ ರೂಢಿ ಇದ್ದವರಿಗೆ ಅದು ಕಷ್ಟ ಆಗಲ್ಲ.

ಇನ್ನು ಫೋನ್. ಆಟ ನಡೆಯೋವಾಗ ಆಟಗಾರರ ಬಳಿ ಅದು ಸಿಕ್ಕರೆ ಆಟ ಸೋತ ಹಾಗೆ ಅನ್ನೋದು ಸಾಮಾನ್ಯ ನಿಯಮ, ಕಿಸೆಯಲ್ಲಿ ಸುಮ್ನೆ ಇತ್ತು ಅಂದರೂ ಕೇಳಲ್ಲ. ಜೊತೆಗೆ ಬಂದ ಅಪ್ಪನ ಕೈಗೋ ಅಕ್ಕನ ಕೈಗೋ ಕೊಟ್ಟೇ ಹಾಲ್ ಒಳಗೆ ಹೋಗಿ.